ಮಕ್ಕಳ ಆಶ್ರಮಕ್ಕೆ ಉಯಿಲು: ಎಷ್ಟು ರೂಪಾಯಿಯ ಛಾಪಾ ಕಾಗದ ಬೇಕು?

ಪ್ರಶ್ನೆ: ನಮ್ಮ ಕಾಲಾನಂತರ ಆಸ್ತಿಯಲ್ಲಿ ಒಂದು ಪಾಲು ಮೈಸೂರಿನ ಅನಾಥ ಮಕ್ಕಳ ಆಶ್ರಮಕ್ಕೆ ಸೇರಬೇಕೆಂಬ ಆಸೆ. ಉಯಿಲನ್ನು ಎಷ್ಟು ರೂಪಾಯಿಯ ಛಾಪಾ ಕಾಗದದಲ್ಲಿ ಬರೆಸಬೇಕು? ರಿಜಿಸ್ಟರ್ ಆಗದಿದ್ದರೆ ಬಿದ್ದುಹೋಗುತ್ತದೆಯೇ?

ಉತ್ತರ: ಛಾಪಾ ಕಾಗದ ಬೇಡವೇ ಬೇಡ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ, ಆದ್ದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಕೊನೆಗೆ ಬಾಡಿಗೆ ಕರಾರಿಗೂ ಮುದ್ರಾಂಕ ಶುಲ್ಕವಿದೆ. ಮಂಡ್ಯವಾಗಲಿ ಮೈಸೂರಾಗಲಿ, ಆಸ್ತಿ ಕಾಗದವೆಂದರೆ ಜನ ಕಂಡಿರುವುದು ಇವನ್ನೇ. ಉಯಿಲಿಗೂ ಅದೇ ನಿಯಮ ಅಂದುಕೊಳ್ಳುತ್ತಾರೆ. ಉಯಿಲಿಗೆ ಮುದ್ರಾಂಕ ಶುಲ್ಕವೇ ಇಲ್ಲ. ಬಿಳಿ ಹಾಳೆಯಲ್ಲಿ ಕೈಯಲ್ಲೇ ಬರೆದರೂ ನಡೆಯುತ್ತದೆ. ನೋಟರಿ ಮುದ್ರೆ ಬೇಕಿಲ್ಲ. 1908ರ ನೋಂದಣಿ ಕಾಯ್ದೆಯ 18ನೇ ಕಲಮು ನೋಂದಣಿಯನ್ನೂ ಬರೆಯುವವರ ಇಷ್ಟಕ್ಕೇ ಬಿಟ್ಟಿದೆ.

ಹಾಗಾದರೆ ಉಯಿಲು ಬೀಳುವುದು ಎಲ್ಲಿ? ಸಾಕ್ಷಿಗಳಲ್ಲಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಕನಿಷ್ಠ ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ. ನೀವು ಸಹಿ ಹಾಕುವುದನ್ನು ಅವರು ನೋಡಲಿ, ನಿಮ್ಮ ಕಣ್ಣೆದುರೇ ಅವರೂ ಸಹಿ ಹಾಕಲಿ. ಬೆಳಿಗ್ಗೆ ನೀವು ಸಹಿ ಮಾಡಿ, ಸಂಜೆ ಪಕ್ಕದ ಮನೆಗೆ ಕಳಿಸಿ ಸಹಿ ಹಾಕಿಸಿ ತರಿಸಿದರೆ ಅದು ಸಾಕ್ಷಿಯಾಗದು, ಕಾಗದ ಐನೂರು ರೂಪಾಯಿಯದ್ದಾದರೂ ಸರಿಯೇ. ತಕರಾರು ಬಂದಾಗ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕು. ನೋಂದಣಿಯಾದ ಉಯಿಲಿಗೂ ಇದರಿಂದ ವಿನಾಯಿತಿಯಿಲ್ಲ. ಅದಕ್ಕೇ ನಿಮಗಿಂತ ಚಿಕ್ಕ ವಯಸ್ಸಿನ, ಊರಲ್ಲೇ ಇರುವ ಇಬ್ಬರನ್ನು ಆರಿಸಿ. ಆಶ್ರಮದ ಟ್ರಸ್ಟಿಗಳು, ನೌಕರರು ಬೇಡ.

ಇಷ್ಟಾಗಿಯೂ ನೋಂದಾಯಿಸುವುದು ಒಳ್ಳೆಯದೆಂದೇ ನಾನು ಹೇಳುವುದು. ಮೂಲಪ್ರತಿ ಕಳೆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಸಿಗುತ್ತದೆ. ಹಾಸಿಗೆ ಹಿಡಿದವರು ಅರ್ಜಿ ಕೊಟ್ಟು ಅಧಿಕಾರಿಯನ್ನು ಮನೆಗೇ ಕರೆಸಿಕೊಳ್ಳಬಹುದು.

ಇನ್ನು ಆಶ್ರಮದ ಹೆಸರು. ಫಲಕದ ಮೇಲಿನ ಹೆಸರೇ ಬೇರೆ, ಅದನ್ನು ನಡೆಸುವ ಟ್ರಸ್ಟ್ ಅಥವಾ ಸಂಘದ ಹೆಸರೇ ಬೇರೆ ಇರುವುದುಂಟು. ಉಯಿಲಿನಲ್ಲಿ ಬರಬೇಕಾದದ್ದು ಎರಡನೆಯದು, ನೋಂದಣಿ ಸಂಖ್ಯೆ, ಪ್ಯಾನ್, ವಿಳಾಸದ ಸಮೇತ. 2015ರ ಬಾಲನ್ಯಾಯ ಕಾಯ್ದೆಯಡಿ ಪಡೆದ ನೋಂದಣಿ ಪತ್ರವನ್ನೂ ಕೇಳಿ ನೋಡಿ. ಸಂಸ್ಥೆ ಮುಚ್ಚಿದ್ದರೆ ಅದೇ ಕೆಲಸ ಮಾಡುವ ಬೇರೊಂದಕ್ಕೆ ಸೇರಲಿ ಎಂಬ ಸಾಲು ಮರೆಯಬೇಡಿ. ಇಂಥ ನಂಬರಿನ ಠೇವಣಿ ಎಂದು ಬರೆದು, ಆಮೇಲೆ ಆ ಠೇವಣಿ ಮುರಿಸಿದರೆ ಮಕ್ಕಳಿಗೆ ಏನೂ ಸಿಗದು. ಸಾಲ, ಖರ್ಚು ಕಳೆದು ಉಳಿದುದರಲ್ಲಿ ಶೇ 10 ಎಂದು ಬರೆಯುವುದು ಕ್ಷೇಮ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಬ್ಯಾಂಕಿನಲ್ಲಿ ಮಗ ನಾಮಿನಿ, ಉಯಿಲಿನಲ್ಲಿ ಆಶ್ರಮ, ಹಣ ಯಾರದು? ಆಶ್ರಮದ್ದು. ನಾಮಿನಿ ಹಣ ಪಡೆದು ಹಕ್ಕುದಾರರಿಗೆ ಒಪ್ಪಿಸುವವನಷ್ಟೇ. ಆದರೆ ಬ್ಯಾಂಕ್ ಹಣ ಕೊಡುವುದು ನಾಮಿನಿಯ ಕೈಗೆ, ಮತ್ತು ಠೇವಣಿಗೆ ವ್ಯಕ್ತಿಯನ್ನು ಮಾತ್ರ ನಾಮಿನಿ ಮಾಡಬಹುದು, ಸಂಸ್ಥೆಯನ್ನಲ್ಲ. ಆದ್ದರಿಂದ ಉಯಿಲು ಜಾರಿಗೆ ತರಲು ನೀವು ನೇಮಿಸುವವರನ್ನೇ ನಾಮಿನಿಯನ್ನಾಗಿಯೂ ಮಾಡಿ, ಉಯಿಲಿನ ಒಂದು ನಕಲನ್ನು ಈಗಲೇ ಅವರಿಗೆ ಕೊಟ್ಟಿಡಿ.