‘ಮೋಬಿ ಡಿಕ್’ ನಿಜವಾಗಿ ನಡೆದ ಕತೆಯೇ?

ಓದುಗರ ಪ್ರಶ್ನೆ: ಹರ್ಮನ್ ಮೆಲ್ವಿಲ್‌ನ ‘ಮೋಬಿ ಡಿಕ್’ ಕಾದಂಬರಿಯಲ್ಲಿ ಬಿಳಿ ತಿಮಿಂಗಿಲವೊಂದು ಹಡಗನ್ನೇ ಮುಳುಗಿಸುತ್ತದಲ್ಲ, ಅದು ನಿಜವಾಗಿ ನಡೆದದ್ದೇ? ಮೆಲ್ವಿಲ್ ಸ್ವತಃ ಬೇಟೆ ಹಡಗಿನಲ್ಲಿ ದುಡಿದಿದ್ದನೇ, ಇಲ್ಲ ಓದಿ ತಿಳಿದುಕೊಂಡು ಬರೆದನೇ?

ಉತ್ತರ: ದುಡಿದಿದ್ದ, ಓದಿಯೂ ಇದ್ದ. ತಿಮಿಂಗಿಲ ಗುದ್ದಿ ಹಡಗು ಮುಳುಗಿದ್ದೂ ಉಂಟು, ಆದರೆ ಅದು ಮೆಲ್ವಿಲ್ ಇದ್ದ ಹಡಗಲ್ಲ. ಒಂಟಿಕಾಲಿನ ಕಪ್ತಾನ ಏಹ್ಯಾಬ್, ಅವನ ಹಡಗು ‘ಪೀಕ್ವಾಡ್’, ಕಾಲು ಕಿತ್ತ ತಿಮಿಂಗಿಲದ ಮೇಲೆ ಅವನ ಸೇಡು ಎಲ್ಲವೂ ಕಲ್ಪನೆ. ಕಾದಂಬರಿಯಲ್ಲಿ ನೂರಕ್ಕೆ ನೂರು ನಿಜವಾಗಿರುವುದು ಆ ಹಡಗಿನ ಮೇಲೆ ನಡೆಯುವ ಕೆಲಸ. ಈ ಪುಸ್ತಕದ ಬಲ ಅಲ್ಲೇ ಇದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮೆಲ್ವಿಲ್ ಹುಟ್ಟಿದ್ದು 1819ರ ಆಗಸ್ಟ್ 1ರಂದು, ನ್ಯೂಯಾರ್ಕಿನಲ್ಲಿ. ಅಪ್ಪ ಹೊರದೇಶದ ಸರಕು ತರಿಸಿ ಮಾರುತ್ತಿದ್ದ ವ್ಯಾಪಾರಿ. ವ್ಯಾಪಾರ ನೆಲಕಚ್ಚಿ, 1832ರಲ್ಲಿ ಸಾಲ ಬಿಟ್ಟು ತೀರಿಕೊಂಡ. ಹನ್ನೆರಡರ ಹುಡುಗ ಬ್ಯಾಂಕಿನಲ್ಲಿ ಗುಮಾಸ್ತನಾದ, ಮುಂದೆ ಕೆಲಕಾಲ ಶಾಲಾ ಮೇಷ್ಟ್ರಾದ. ಯಾವುದೂ ಕೈಹಿಡಿಯಲಿಲ್ಲ. 1841ರ ಜನವರಿ 3ರಂದು ಮ್ಯಾಸಚೂಸೆಟ್ಸ್‌ನಿಂದ ಹೊರಟ ‘ಅಕುಷ್ನೆಟ್’ ಎಂಬ ತಿಮಿಂಗಿಲ ಬೇಟೆಯ ಹಡಗಿಗೆ ಖಲಾಸಿಯಾಗಿ ಸೇರಿದ. ತಿಂಗಳ ಸಂಬಳ ಅಂತೇನಿಲ್ಲ. ಹಡಗು ತಂದ ಎಣ್ಣೆಯ ಹುಟ್ಟುವಳಿಯಲ್ಲಿ ಅವನ ಪಾಲು 175ರಲ್ಲಿ ಒಂದು. ಆಗ ಆ ಎಣ್ಣೆಯಿಂದಲೇ ಊರೂರಿನ ದೀಪ ಉರಿಯುತ್ತಿತ್ತು, ಕಾರ್ಖಾನೆಯ ಯಂತ್ರಕ್ಕೂ ಅದೇ ಕೀಲೆಣ್ಣೆ.

ಒಂದೂವರೆ ವರ್ಷಕ್ಕೆ ಬೇಸತ್ತು, ಪೆಸಿಫಿಕ್ ಸಾಗರದ ನುಕು ಹಿವಾ ದ್ವೀಪದಲ್ಲಿ ಗೆಳೆಯ ಟೋಬಿ ಗ್ರೀನ್ ಜೊತೆ ಹಡಗಿನಿಂದ ಪರಾರಿಯಾದ. ನರಭಕ್ಷಕರೆಂದು ಹೆಸರಾಗಿದ್ದ ಟೈಪಿ ಜನರ ಕಣಿವೆಯಲ್ಲಿ ಸುಮಾರು ಒಂದು ತಿಂಗಳು ಇದ್ದ. ಆಮೇಲೆ ಇನ್ನೊಂದು ಬೇಟೆ ಹಡಗು, ಅಲ್ಲಿ ದಂಗೆ, ಟಹೀಟಿಯಲ್ಲಿ ಸೆರೆ, ಮತ್ತೊಂದು ಹಡಗು, ಕೊನೆಗೆ ಅಮೆರಿಕದ ನೌಕಾಪಡೆ. ಊರು ಸೇರಿದ್ದು 1844ರಲ್ಲಿ.

ನೀವು ಕೇಳಿದ ಪ್ರಶ್ನೆಯನ್ನೇ ಜನ ಅವನ ಮೊದಲ ಪುಸ್ತಕಕ್ಕೂ ಕೇಳಿದ್ದರು. ಕಣಿವೆಯ ಕತೆ ಹೇಳುವ ‘ಟೈಪೀ’ 1846ರಲ್ಲಿ ಬಂದಾಗ ಇದೆಲ್ಲ ಕಟ್ಟುಕತೆ ಎಂದು ಗುಮಾನಿಪಟ್ಟವರು ಬಹಳ. ಅಷ್ಟರಲ್ಲಿ, ಎಲ್ಲಿದ್ದಾನೋ ಗೊತ್ತಿಲ್ಲದ ಟೋಬಿ ಬಫಲೋ ನಗರದಲ್ಲಿ ಪ್ರತ್ಯಕ್ಷನಾಗಿ, ಜೊತೆಯಲ್ಲಿದ್ದವನು ನಾನೇ ಎಂದು ಪತ್ರಿಕೆಯಲ್ಲಿ ಸಾಕ್ಷಿ ಹೇಳಿದ. ಆದರೂ ಮೆಲ್ವಿಲ್ ಅದರಲ್ಲಿ ಒಂದು ತಿಂಗಳನ್ನು ನಾಲ್ಕು ತಿಂಗಳು ಮಾಡಿದ್ದ. ಅನುಭವವನ್ನು ಹಿಗ್ಗಿಸಿ, ಓದಿದ್ದನ್ನು ಬೆರೆಸಿ ಬರೆಯುವ ಅವನ ರೀತಿ ಅಲ್ಲೇ ಶುರುವಾಗಿತ್ತು.

ಹಡಗು ಮುಳುಗಿದ ಪ್ರಸಂಗಕ್ಕೆ ಬರೋಣ. 1820ರ ನವೆಂಬರ್ 20ರಂದು ಪೆಸಿಫಿಕ್‌ನ ನಡುವೆ ನ್ಯಾಂಟಕೆಟ್ ಊರಿನ ‘ಎಸ್ಸೆಕ್ಸ್’ ಹಡಗಿಗೆ ಸ್ಪರ್ಮ್ ತಿಮಿಂಗಿಲವೊಂದು ಎರಡು ಸಲ ಗುದ್ದಿತು. ಇಪ್ಪತ್ತು ಮಂದಿ ಮೂರು ಚಿಕ್ಕ ದೋಣಿಗಳಲ್ಲಿ ಹೊರಟರು. ಸತ್ತವರನ್ನು ತಿಂದು, ಕೊನೆಗೆ ಚೀಟಿ ಎತ್ತಿ ಒಬ್ಬ ಹುಡುಗನನ್ನು ಕೊಂದು ತಿಂದು ದಿನ ದೂಡಿದರು. ಬದುಕಿ ಬಂದವರು ಎಂಟೇ ಜನ. ಅವರಲ್ಲೊಬ್ಬನಾದ ಓವನ್ ಚೇಸ್ ಮರುವರ್ಷವೇ ಇದನ್ನು ಪುಸ್ತಕ ಮಾಡಿದ. ಮೆಲ್ವಿಲ್ ಸಮುದ್ರದಲ್ಲಿದ್ದಾಗ ಬೇರೊಂದು ಹಡಗಿನಲ್ಲಿದ್ದ ಚೇಸ್‌ನ ಮಗ ಎದುರಾಗಿ ಆ ಪುಸ್ತಕ ಓದಲು ಕೊಟ್ಟ. ದುರಂತ ನಡೆದ ಜಾಗಕ್ಕೆ ಹತ್ತಿರದಲ್ಲೇ, ಎತ್ತ ನೋಡಿದರೂ ನೆಲ ಕಾಣದ ನೀರಿನ ಮೇಲೆ ಕೂತು ಆತ ಅದನ್ನು ಓದಿದ. ಬಿಳಿ ಬಣ್ಣ ಬಂದದ್ದು ಬೇರೆ ಕಡೆಯಿಂದ ಇರಬೇಕು. ಚಿಲಿ ದೇಶದ ಮೋಚಾ ದ್ವೀಪದ ಬಳಿ ಬೇಟೆಗಾರರನ್ನು ಕಾಡಿದ ‘ಮೋಚಾ ಡಿಕ್’ ಎಂಬ ಬಿಳಿ ತಿಮಿಂಗಿಲದ ಕತೆ 1839ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು.

ನನಗೆ ಮುಖ್ಯವೆನಿಸುವುದು ಆತ ಕೈಬಿಟ್ಟ ಭಾಗ. ದೋಣಿಯ ಹಸಿವು, ನರಮಾಂಸ, ಚೀಟಿ ಇವನ್ನೆಲ್ಲ ಅವನು ಮುಟ್ಟಲೇ ಇಲ್ಲ. ಎಸ್ಸೆಕ್ಸ್‌ನವರ ಯಾತನೆ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಮೆಲ್ವಿಲ್‌ನ ಕಾದಂಬರಿ ಮುಗಿಯುತ್ತದೆ. ರೋಚಕ ಘಟನೆಗಿಂತ ಅದರ ಹಿಂದಿನ ದುಡಿಮೆ ಮತ್ತು ಹಟ ಅವನನ್ನು ಹಿಡಿದಿಟ್ಟಿದ್ದವು.

ಒಂದು ಉದಾಹರಣೆ ಕೊಡುತ್ತೇನೆ. ‘ಮೋಬಿ ಡಿಕ್’ನಲ್ಲಿ 135 ಅಧ್ಯಾಯಗಳಿವೆ. 60ನೆಯದು ಬರೀ ಹಗ್ಗದ ಮೇಲೆ. ಹಾರ್ಪೂನಿಗೆ, ಅಂದರೆ ತಿಮಿಂಗಿಲಕ್ಕೆ ಎಸೆಯುವ ಈಟಿಗೆ, ಕಟ್ಟುವ ಈ ಹಗ್ಗ ಬೆರಳಿನಷ್ಟೇ ದಪ್ಪ, ಉದ್ದ 200 ಮಾರಿಗೂ ಹೆಚ್ಚು. ತೊಟ್ಟಿಯಲ್ಲಿ ಒಂದಿಷ್ಟೂ ಸಿಕ್ಕಾಗದಂತೆ ಸುರುಳಿ ಸುತ್ತಿಟ್ಟಿರುತ್ತಾರೆ. ಅಲ್ಲಿಂದ ದೋಣಿಯ ಹಿಂತುದಿಯ ಗೂಟವನ್ನು ಬಳಸಿ, ಹುಟ್ಟುಹಾಕುವವರ ನಡುವೆ ಹಾದು ಅದು ಮೂತಿಗೆ ಹೋಗುತ್ತದೆ. ಚುಚ್ಚಿಸಿಕೊಂಡ ತಿಮಿಂಗಿಲ ಓಡಿದಾಗ ಹಗ್ಗ ಬಿಚ್ಚಿಕೊಳ್ಳುವ ರಭಸಕ್ಕೆ ಗೂಟದಲ್ಲಿ ಹೊಗೆಯೇಳುತ್ತದೆ, ನೀರು ಸುರಿಯಬೇಕು. ಒಂದು ಗಂಟು ಬಿದ್ದರೂ ಯಾರದೋ ಕೈಯೋ ಕಾಲೋ ಹೋಯಿತೆಂದೇ ಲೆಕ್ಕ. ಕತೆ ನಿಂತುಹೋಯಿತು ಎಂದು ಅನೇಕರು ಹಾರಿಸುವುದು ಇಂಥ ಅಧ್ಯಾಯಗಳನ್ನೇ. ಆದರೆ ಕಟ್ಟಕಡೆಯಲ್ಲಿ ಏಹ್ಯಾಬ್ ಹಾರ್ಪೂನ್ ಎಸೆಯುತ್ತಾನೆ, ಹಗ್ಗ ಸಿಕ್ಕಾಗುತ್ತದೆ, ಬಿಡಿಸಲು ಬಗ್ಗುತ್ತಾನೆ, ಹಾರಿಬಂದ ಸುತ್ತು ಕೊರಳಿಗೆ ಬೀಳುತ್ತದೆ. ಅವನು ದೋಣಿಯಲ್ಲಿಲ್ಲ ಎಂಬುದು ಜೊತೆಯವರಿಗೆ ತಿಳಿಯುವ ಮೊದಲೇ ಎಲ್ಲ ಮುಗಿದಿರುತ್ತದೆ. ಆ ಸಾವನ್ನು ಮೆಲ್ವಿಲ್ ನಾಲ್ಕೇ ಮಾತಿನಲ್ಲಿ ಮುಗಿಸುತ್ತಾನೆ. 60ನೇ ಅಧ್ಯಾಯ ಓದಿದವರಿಗೆ ಅಷ್ಟು ಸಾಕು, ಮೈ ನಡುಗುತ್ತದೆ.

ಓದಿನ ಭಾಗವೂ ಸಣ್ಣದಲ್ಲ. ಥಾಮಸ್ ಬೀಲ್, ವಿಲಿಯಂ ಸ್ಕೋರ್ಸ್‌ಬಿ ಮುಂತಾದವರ ತಿಮಿಂಗಿಲ ಗ್ರಂಥಗಳನ್ನು ಪಕ್ಕದಲ್ಲಿಟ್ಟುಕೊಂಡೇ ಆತ ಬರೆದ. ನಮ್ಮ ಮತ್ಸ್ಯಾವತಾರವೂ ಇಲ್ಲಿ ಬರುತ್ತದೆ. ತಿಮಿಂಗಿಲದ ಅತಿ ಹಳೆಯ ಚಿತ್ರ ಇರುವುದು ಎಲಿಫೆಂಟಾ ಗುಹೆಯಲ್ಲಿ ಎನ್ನುತ್ತಾನೆ, ಮರುಕ್ಷಣವೇ ಆ ಬಾಲ ತಪ್ಪು, ಹೆಬ್ಬಾವಿನ ಬಾಲದಂತಿದೆ ಎಂದು ತಿದ್ದುತ್ತಾನೆ. ಭಾರತಕ್ಕೆ ಆತ ಬಂದವನೇ ಅಲ್ಲ. ಪುಸ್ತಕದಲ್ಲಿ ಕಂಡದ್ದನ್ನು ಖಲಾಸಿಯ ಕಣ್ಣಿನಿಂದ ಒರೆಹಚ್ಚುವುದು ಎಂದರೆ ಇದು.

1851ರಲ್ಲಿ ‘ಮೋಬಿ ಡಿಕ್’ ಬಂತು. ಲಂಡನ್ ಮುದ್ರಣದಲ್ಲಿ, ಕತೆ ಹೇಳುವವನು ಬದುಕುಳಿದದ್ದನ್ನು ತಿಳಿಸುವ ಕೊನೆಯ ಪುಟ ಬಿಟ್ಟುಹೋಗಿ, ಎಲ್ಲರೂ ಸತ್ತ ಮೇಲೆ ಕತೆ ಹೇಳಿದವರಾರು ಎಂದು ವಿಮರ್ಶಕರು ತಗಾದೆ ತೆಗೆದರು. ಅದೇ ವರ್ಷದ ನವೆಂಬರಿನಲ್ಲಿ ಸುದ್ದಿ ಬಂತು: ‘ಆನ್ ಅಲೆಕ್ಸಾಂಡರ್’ ಎಂಬ ಹಡಗನ್ನು ತಿಮಿಂಗಿಲ ಗುದ್ದಿ ಮುಳುಗಿಸಿದೆ. ನನ್ನ ಬರವಣಿಗೆಯೇ ಈ ಪ್ರಾಣಿಯನ್ನು ಎಬ್ಬಿಸಿತೋ ಏನೋ ಎಂಬರ್ಥದ ಮಾತನ್ನು ಆತ ಗೆಳೆಯನಿಗೆ ಬರೆದ. ಅಷ್ಟಾದರೂ ಪುಸ್ತಕ ಓಡಲಿಲ್ಲ. ಅವನು ಬದುಕಿರುವಷ್ಟು ಕಾಲವೂ ಮಾರಾಟ 4,000 ಪ್ರತಿ ಮುಟ್ಟಲಿಲ್ಲ. 1866ರಿಂದ 1885ರವರೆಗೆ ನ್ಯೂಯಾರ್ಕ್ ಬಂದರಿನಲ್ಲಿ ದಿನಕ್ಕೆ 4 ಡಾಲರಿಗೆ ಸುಂಕದ ಇನ್‌ಸ್ಪೆಕ್ಟರ್ ಕೆಲಸ ಮಾಡಿದ. 1891ರ ಸೆಪ್ಟೆಂಬರ್ 28ರಂದು ತೀರಿಕೊಂಡಾಗ ಹೆಚ್ಚಿನವರು ಅವನನ್ನು ಮರೆತಿದ್ದರು. 1921ರಲ್ಲಿ ರೇಮಂಡ್ ವೀವರ್ ಬರೆದ ಜೀವನಚರಿತ್ರೆ, 1924ರಲ್ಲಿ ಬೆಳಕು ಕಂಡ ಅವನ ಕಿರುಕಾದಂಬರಿ ‘ಬಿಲ್ಲಿ ಬಡ್’ನ ಹಸ್ತಪ್ರತಿ ಇವೆರಡೂ ಸೇರಿ ಅವನನ್ನು ಮತ್ತೆ ಓದುವಂತೆ ಮಾಡಿದವು.

ನಿಜ ಘಟನೆಗೆ ಇನ್ನೂ ಹತ್ತಿರವಿರುವ ಮೆಲ್ವಿಲ್ ಬೇಕಿದ್ದರೆ 1855ರ ‘ಬೆನಿಟೋ ಸೆರೆನೋ’ ಓದಿ. ಗುಲಾಮರು ದಂಗೆಯೆದ್ದು ವಶಪಡಿಸಿಕೊಂಡ ಸ್ಪ್ಯಾನಿಷ್ ಹಡಗನ್ನು 1805ರಲ್ಲಿ ಹತ್ತಿದ ಕಪ್ತಾನ ಅಮಾಸಾ ಡೆಲಾನೋನ ಆತ್ಮಕಥನವೇ ಅದರ ಮೂಲ. ಮೆಲ್ವಿಲ್ ಡೆಲಾನೋನ ಹೆಸರನ್ನೂ ಬದಲಿಸಿಲ್ಲ.