ಈ ಡೆಬ್ ಫೈಲ್ ಯಾವುದು? ಹ್ಯಾಶ್‌ನಿಂದ ಗುರುತು ಹಿಡಿಯೋಣ

ಮಂಡ್ಯದಲ್ಲಿ ನಾವು ನಾಲ್ಕು ಜನ ಭಾನುವಾರ ಸೇರಿ ಲಿನಕ್ಸ್ ಕಲಿಯುತ್ತೇವೆ. ಹೋದ ವಾರ ಗೆಳತಿಯೊಬ್ಬಳು ಮೈಸೂರಿನಿಂದ ಪೆನ್‌ಡ್ರೈವ್ ತಂದಳು. ಅದರಲ್ಲಿ ಡೆಬಿಯನ್ ಎಂಬ ಲಿನಕ್ಸ್‌ನ ಮೂರು ಡೆಬ್ ಫೈಲ್ (ತಂತ್ರಾಂಶ ಕಟ್ಟಿಟ್ಟ ಪ್ಯಾಕೇಜ್): ‘ಹೊಸದು’, ‘ಹೊಸದು 1’, ‘ಫೈನಲ್’. ಯಾವುದು ಯಾವ ಆವೃತ್ತಿ ಅಂತ ಅವಳಿಗೇ ನೆನಪಿರಲಿಲ್ಲ.

ಮೂರಕ್ಕೂ ‘ಶಾ256ಸಮ್’ ಕಮಾಂಡ್ ಕೊಟ್ಟೆವು. ಇದು ಶಾ-256 ಅನ್ನೋ ವಿಧಾನದಲ್ಲಿ ಫೈಲಿನ ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು, ಲೆಕ್ಕ ಹಾಕಿ ಕೊಡುತ್ತದೆ. ಮೊದಲೆರಡರ ಹ್ಯಾಶ್ ಅಕ್ಷರಕ್ಕೆ ಅಕ್ಷರ ಒಂದೇ. ಅಂದರೆ ಹೆಸರು ಎರಡಾದರೂ ಫೈಲ್ ಒಂದೇ. ಹ್ಯಾಶ್ ನೋಡುವುದು ಫೈಲ್ ಒಳಗಿನ ಬೈಟ್‌ಗಳನ್ನು ಮಾತ್ರ. ಹೆಸರು, ತಾರೀಖು ಅದಕ್ಕೆ ಬೇಕಿಲ್ಲ.

ಫೈಲ್ ಎಷ್ಟೇ ದೊಡ್ಡದಿರಲಿ, ಶಾ-256 ಕೊಡುವುದು 256 ಬಿಟ್ (ಸೊನ್ನೆ-ಒಂದುಗಳು), ಪರದೆ ಮೇಲೆ 64 ಅಕ್ಷರ. ಒಳಗೆ ಒಂದೇ ಬಿಟ್ ಬದಲಾದರೂ ಹ್ಯಾಶ್‌ನ ಸುಮಾರು ಅರ್ಧ ಬಿಟ್‌ಗಳು ಬದಲಾಗುತ್ತವೆ. ಖಾಲಿ ಫೈಲಿಗೂ ಹ್ಯಾಶ್ ಇದೆ, ‘ಇ3ಬಿ0ಸಿ442’ ಅಂತ ಶುರುವಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಕಂಡರೆ ಡೌನ್‌ಲೋಡ್ ಕೆಟ್ಟು ಸೊನ್ನೆ ಬೈಟ್ ಬಂದಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಇನ್ನು ಆವೃತ್ತಿ. ಡೆಬಿಯನ್ ತನ್ನ ಪ್ಯಾಕೇಜ್‌ಗಳನ್ನು ಇಡುವ ಭಂಡಾರದಲ್ಲಿ ‘ಪ್ಯಾಕೇಜಸ್’ ಅನ್ನೋ ಪಟ್ಟಿ ಇರುತ್ತದೆ. ಪ್ರತಿ ಪ್ಯಾಕೇಜಿಗೂ ಆವೃತ್ತಿ, ಗಾತ್ರ, ಶಾ-256 ಎಲ್ಲ ಅಲ್ಲೇ ಬರೆದಿರುತ್ತದೆ. ‘ಫೈನಲ್’ನ ಹ್ಯಾಶನ್ನು ಆ ಪಟ್ಟಿಯಲ್ಲಿ ಹುಡುಕಿದೆವು. ಒಂದೇ ಸಾಲು ಸಿಕ್ಕಿತು, ಆವೃತ್ತಿಯೂ ತಿಳಿಯಿತು. ಹ್ಯಾಶ್ ಸಿಗದಿದ್ದರೆ ಫೈಲ್ ಕೆಟ್ಟದ್ದು ಅಂತ ಅಲ್ಲ, ಬೇರೆ ಬಿಡುಗಡೆಯದ್ದೂ ಇರಬಹುದು. ಅದೇ ಸಾಮಾನನ್ನು ಬಿಚ್ಚಿ ಮತ್ತೆ ಕಟ್ಟಿದರೂ ಹ್ಯಾಶ್ ಬೇರೆ ಆಗಬಹುದು, ಒಳಗಿನ ಸಮಯದ ಗುರುತು ಬದಲಾಗುತ್ತದಲ್ವಾ.

ಎಂಡಿ5, ಶಾ-1 ಅನ್ನೋ ಹಳೆಯ ಹ್ಯಾಶ್ ವಿಧಾನಗಳು ಇನ್ನೂ ಅಲ್ಲಲ್ಲಿ ಕಾಣುತ್ತವೆ. ಒಂದೇ ಹ್ಯಾಶ್ ಬರುವ ಎರಡು ಬೇರೆ ಫೈಲ್‌ಗಳನ್ನು ಎಂಡಿ5ಗೆ 2004ರಲ್ಲಿ, ಶಾ-1ಕ್ಕೆ 2017ರಲ್ಲಿ ಮಾಡಿ ತೋರಿಸಿದ್ದಾರೆ. ಕಾಪಿ ಮಾಡುವಾಗ ಫೈಲ್ ಕೆಟ್ಟಿದೆಯಾ ಅಂತ ನೋಡಲು ಇವು ಸಾಕು. ಯಾರೋ ಬೇಕಂತಲೇ ಮೋಸ ಮಾಡುವ ಕಡೆ ಬೇಡ.

ನನಗೆ ಜಾಸ್ತಿ ಮುಖ್ಯ ಅನಿಸುವುದು ಇದು: ಹೋಲಿಸಲು ತಂದ ಹ್ಯಾಶ್ ಎಲ್ಲಿಂದ ಬಂತು? 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ಇನ್ನೊಂದು ಲಿನಕ್ಸ್‌ನ ಜಾಲತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ಹಿಂಬಾಗಿಲಿದ್ದ (ಕಳ್ಳದಾರಿ ಸೇರಿಸಿದ್ದ) ಐಎಸ್‌ಒ, ಅಂದರೆ ಇನ್‌ಸ್ಟಾಲ್ ಮಾಡುವ ಫೈಲ್, ಕಡೆ ತಿರುಗಿಸಿದ್ದರು. ಕೊಂಡಿ ಬದಲಿಸಬಲ್ಲವರಿಗೆ ಅದೇ ಪುಟದ ಹ್ಯಾಶ್ ಬದಲಿಸುವುದು ಏನು ಕಷ್ಟ? ಅದಕ್ಕೇ ಡೆಬಿಯನ್‌ನಲ್ಲಿ ಪ್ಯಾಕೇಜಸ್ ಪಟ್ಟಿಯ ಹ್ಯಾಶ್ ‘ರಿಲೀಸ್’ ಫೈಲಿನಲ್ಲಿರುತ್ತದೆ, ರಿಲೀಸ್ ಫೈಲಿಗೆ ಡಿಜಿಟಲ್ ಸಹಿ ಇರುತ್ತದೆ. ಪ್ಯಾಕೇಜ್ ತಂದು ಹಾಕುವ ‘ಆಪ್ಟ್’ ಕಮಾಂಡ್ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಪೆನ್‌ಡ್ರೈವ್‌ನಲ್ಲಿ ಬಂದ ಡೆಬ್ ಫೈಲಿಗೆ ಆ ಕಾವಲಿಲ್ಲ, ನಾವೇ ಪಟ್ಟಿ ತೆಗೆದು ನೋಡಬೇಕು. 64 ಅಕ್ಷರವನ್ನೂ ನೋಡಿ. ಮೊದಲ ನಾಲ್ಕು, ಕೊನೆಯ ನಾಲ್ಕು ಸುಮ್ನೆ ಕಣ್ಣಾಡಿಸಿ ಬಿಡಬೇಡಿ.