ನೆರೆಯ ಬೆಲೆ ಹೊಸ್ತಿಲಿನ ಎತ್ತರದಲ್ಲಿದೆ

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಯಮಲೂರು, ಬೆಳ್ಳಂದೂರು ಭಾಗಗಳಲ್ಲಿ ಮನೆಗಳಿಗೆ ನೀರು ನುಗ್ಗಿ, ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ, ದೋಣಿಗಳಲ್ಲಿ ಹೊರತರಬೇಕಾಯಿತು. ಅಂದಿನಿಂದ ಆಸ್ತಿ ಮೌಲ್ಯಮಾಪಕರಾದ ನಮ್ಮನ್ನು ಮನೆ ಕೊಳ್ಳುವವರು ತಪ್ಪದೆ ಕೇಳುವ ಪ್ರಶ್ನೆ: ಇಲ್ಲಿ ನೀರು ನುಗ್ಗುತ್ತದೆಯೇ? ಹೌದು ಅಥವಾ ಇಲ್ಲ ಎಂದರೆ ಅವರಿಗೆ ಏನೂ ತಿಳಿದಂತಾಗುವುದಿಲ್ಲ. ಎಷ್ಟು ಅಡಿ ನೀರು, ಎಷ್ಟು ವರ್ಷಕ್ಕೊಮ್ಮೆ, ಬಂದರೆ ಎಷ್ಟು ನಷ್ಟ ಎಂಬುದು ಗೊತ್ತಾಗಬೇಕು.

ನಾನು ಮೊದಲು ನೋಡುವುದು ಕಾಂಪೌಂಡ್ ಗೋಡೆಯ ಕಲೆಯನ್ನು. ಬಣ್ಣ ಬಳಿದಿದ್ದರೂ ಗೇಟಿನ ಕೀಲಿನಲ್ಲಿ, ಮೀಟರ್ ಪೆಟ್ಟಿಗೆಯ ಹಿಂಬದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಗಾರೆಯವರು ಮಟ್ಟ ನೋಡಲು ಬಳಸುವ ನೀರಿನ ಕೊಳವೆ ಹಿಡಿದು ಆ ಗೆರೆಗೂ ಹೊಸ್ತಿಲಿಗೂ ಇರುವ ಅಂತರ ಅಳೆಯುತ್ತೇನೆ. ನೀರು ಹೊಸ್ತಿಲಿನ ಕೆಳಗೇ ನಿಂತರೆ ಸಂಪು ತೊಳೆಸಿ ಪಂಪ್ ರಿಪೇರಿ ಮಾಡಿಸಿದರೆ ಮುಗಿಯಿತು. ಹೊಸ್ತಿಲು ದಾಟಿ ಅರ್ಧ ಅಡಿ ಬಂದರೂ ಪ್ಲೈವುಡ್ ಕಪಾಟು, ಯುಪಿಎಸ್ ಬ್ಯಾಟರಿ, ಹಾಸಿಗೆ ಎಲ್ಲವೂ ಹಾಳು. ನಷ್ಟ ನೀರಿನ ಜೊತೆ ಮೆಲ್ಲಗೆ ಏರುವುದಿಲ್ಲ, ಹೊಸ್ತಿಲಿನ ಬಳಿ ಒಮ್ಮೆಲೇ ಜಿಗಿಯುತ್ತದೆ.

ಒಂದು ಲೆಕ್ಕ ಹಾಕೋಣ. 10 ವರ್ಷಕ್ಕೊಮ್ಮೆ ಬರುವ ಮಳೆಗೆ ಮನೆಯೊಳಗೆ ನೀರಿಲ್ಲ. 25 ವರ್ಷಕ್ಕೊಮ್ಮೆಯ ಮಳೆಗೆ, ಅಂದರೆ ಯಾವುದೇ ವರ್ಷ ಬರುವ ಸಾಧ್ಯತೆ 25ರಲ್ಲಿ ಒಂದು ಇರುವ ಮಳೆಗೆ, ಒಳಗೆ ಒಂದು ಅಡಿ, ನಷ್ಟ 3 ಲಕ್ಷ. 100 ವರ್ಷಕ್ಕೊಮ್ಮೆಯದಕ್ಕೆ ಮೂರು ಅಡಿ, ನಷ್ಟ 10 ಲಕ್ಷ ಎಂದುಕೊಳ್ಳಿ. ಪ್ರತಿ ನಷ್ಟವನ್ನೂ ಅದರ ಸಾಧ್ಯತೆಯೊಂದಿಗೆ ಗುಣಿಸಿ, ನಡುವಿನ ಮಟ್ಟಗಳನ್ನೂ ಸೇರಿಸಿ ಕೂಡಿದರೆ ವರ್ಷಕ್ಕೆ ಸರಾಸರಿ ಸುಮಾರು 38,500 ರೂಪಾಯಿ. ಶೇ 8ರ ಬಡ್ಡಿ ದರದಲ್ಲಿ 20 ವರ್ಷಗಳ ಈ ಹೊರೆಯ ಇಂದಿನ ಮೌಲ್ಯ, ಅಂದರೆ ಅದಕ್ಕಾಗಿ ಇಂದೇ ತೆಗೆದಿಡಬೇಕಾದ ಮೊತ್ತ, ಸುಮಾರು 3.8 ಲಕ್ಷ. ಚೌಕಾಸಿಗೆ ಕೂರುವವರ ಕೈಯಲ್ಲಿ ಇರಬೇಕಾದ ಸಂಖ್ಯೆ ಇದು. 25 ವರ್ಷಕ್ಕೊಮ್ಮೆ ತಾನೇ ಎಂದು ಸಮಾಧಾನ ಪಡುವವರಿಗೆ ಇನ್ನೊಂದು ಮಾತು: 20 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಅಂಥ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು.

ಅದೇ ಮನೆಯ ಪಾಯ ಇನ್ನೂ ಒಂದು ಅಡಿ ಎತ್ತರವಿದ್ದು, 100 ವರ್ಷಕ್ಕೊಮ್ಮೆಯ ಮಳೆಗೆ ಒಳಬರುವ ಎರಡು ಅಡಿ ನೀರಿಗೆ 7 ಲಕ್ಷ ನಷ್ಟ ಎಂದಿಟ್ಟುಕೊಂಡರೆ, ವಾರ್ಷಿಕ ಹೊರೆ 17,500ಕ್ಕೆ ಇಳಿಯುತ್ತದೆ. ಅಕ್ಕಪಕ್ಕದ ಎರಡು ಮನೆಗಳಿಗೆ ಒಂದೇ ದರ ಹೇಳುವುದು ಅನ್ಯಾಯ ಎಂದು ನಾನು ವಾದಿಸುವುದು ಇದಕ್ಕೇ.

ವಿಮೆ ಮಾಡಿಸಿ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆ ಹಾನಿಗೂ ರಕ್ಷಣೆ ಇದೆ. ಆದರೆ ನೆರೆ ಬಂದ ಬೀದಿ ಎಂಬ ಹೆಸರಿನಿಂದ ನಿವೇಶನದ ಬೆಲೆ ಕುಸಿದರೆ ಅದನ್ನು ಯಾವ ಪಾಲಿಸಿಯೂ ತುಂಬಿಕೊಡುವುದಿಲ್ಲ.

ಇನ್ನು ರಸ್ತೆ. ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಡಾಂಬರು ಹಾಕಿದಾಗಲೆಲ್ಲ ರಸ್ತೆ ಏರುತ್ತದೆ, ಮನೆ ಇದ್ದಲ್ಲೇ ತಗ್ಗಾಗುತ್ತದೆ. ನಿಮ್ಮ ಬೀದಿಗೆ ಹೊಸ ಡಾಂಬರು ಬಿದ್ದಿದ್ದರೆ ಹಳೆಯ ಅಂದಾಜನ್ನು ಬದಿಗಿಟ್ಟು ಹೊಸ್ತಿಲನ್ನು ಮತ್ತೆ ಅಳೆಸಿ.